ಉದ್ದ ತೋಳಿನ ಕುಪ್ಪಸ: ಮೈಯ ಬಗೆಗಿನ ನಾಚಿಕೆ ದೊಡ್ಡವರಲ್ಲಿ ಹೇಗೆ ಬೇರೂರುತ್ತದೆ, ಹೇಗೆ ಸಡಿಲವಾಗುತ್ತದೆ

ಧಾರವಾಡದ ಸುಭಾಸ್ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಕುಪ್ಪಸ ಹೊಲಿಯುವ ಟೇಲರ್ ಬಳಿ ಹನ್ನೆರಡು ವರ್ಷ ನಾನು ಒಂದೇ ಮಾತು ಹೇಳಿದ್ದೇನೆ: "ತೋಳು ಮೊಣಕೈ ದಾಟಿ ಕೆಳಗಿರಲಿ." ಏಪ್ರಿಲ್ ಬಿಸಿಲಿಗೂ ಅದೇ, ಮದುವೆಯ ಇಳಕಲ್ ಸೀರೆಗೂ ಅದೇ. ನನ್ನ ಬಲ ಮೊಣಕೈ ಮೇಲೆ ಹಳೆಯ ನಾಲ್ಕಾಣೆಯಷ್ಟು ಅಗಲದ ಬಿಳಿ ಮಚ್ಚೆಯಿದೆ, ಅದರ ಮಗ್ಗುಲಲ್ಲಿ ಇನ್ನೆರಡು ಚಿಕ್ಕವು. ತೊನ್ನು. ಈ ಪದವನ್ನು ಹೀಗೆ ಬರೆದುಬಿಡುವುದಕ್ಕೆ ನನಗೆ ನಲವತ್ತಾರು ವರ್ಷ ತುಂಬಬೇಕಾಯಿತು.

ಹೋದ ಬೇಸಿಗೆಯಲ್ಲಿ ಓಣಿಯಲ್ಲಿ ಎರಡು ಸುತ್ತು ಹಾಕಿ, ಅಂಗಡಿಯೊಳಗೆ ಹೋಗಿ, "ಈ ಸಲ ಗಿಡ್ಡ ತೋಳು" ಎಂದೆ. ಟೇಲರ್ ಕೊರಳಿಗೆ ಹಾಕಿಕೊಂಡಿದ್ದ ಟೇಪು ತೆಗೆದು ತೋಳಿಗೆ ಸುತ್ತಿ, ಮಚ್ಚೆಯಿಂದ ಒಂದು ಗೇಣಿನೊಳಗೇ ಬೆರಳಿಟ್ಟು ಅಳತೆ ನೋಡಿದರು. ನಾನು ಉಸಿರು ಬಿಗಿಹಿಡಿದಿದ್ದೆ. ಅವರು ಹೇಳಿದ್ದು ಇಷ್ಟು: "ಹಾಗಾದರೆ ಮುಂದಿನ ಸಲ ಒಂದು ಮೀಟರ್ ತರಬೇಡಿರಿ ಅಕ್ಕಾ, ಎಂಬತ್ತು ಸೆಂಟಿಮೀಟರ್ ಸಾಕು."

ಹನ್ನೆರಡು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು ಅವರ ಲೆಕ್ಕದಲ್ಲಿ ಇಪ್ಪತ್ತು ಸೆಂಟಿಮೀಟರ್ ಬಟ್ಟೆಯಾಗಿತ್ತು.

ತನ್ನ ರೂಪದ ಬಗ್ಗೆ ಕೀಳರಿಮೆ ಎಂದರೆ ಮೊಡವೆಯ ವಯಸ್ಸಿನ ಹುಡುಗ ಹುಡುಗಿಯರ ಸಮಸ್ಯೆ ಎಂದು ನಾವು ತಿಳಿದಿದ್ದೇವೆ. ಮದುವೆಯಾಗಿ, ನೌಕರಿ ಹಿಡಿದು, ಮಕ್ಕಳು ಶಾಲೆಗೆ ಹೊರಟ ಮೇಲೆ ಇದೆಲ್ಲ ತಾನಾಗಿ ಕಳಚಿ ಬೀಳುತ್ತದೆಂಬ ನಂಬಿಕೆ. ನಾನು ಕಂಡಿರುವುದು ಬೇರೆ. ಹದಿನಾರರ ಹುಡುಗಿ ಅಳುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ, ಮನೆಯವರಿಗೆ ಗೊತ್ತಾಗುತ್ತದೆ. ನಲವತ್ತರ ಹೆಂಗಸು ಅಳುವುದಿಲ್ಲ. ಅವಳು ದಿನಚರಿಯನ್ನೇ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡಿರುತ್ತಾಳೆ. ಉಣಕಲ್ ಕೆರೆಯ ದಂಡೆಯಲ್ಲಿ ಬೆಳಗ್ಗೆ ಸೀರೆಯ ಮೇಲೆ ಬೂಟು ಹಾಕಿಕೊಂಡು ನಡೆಯುವವರ ಗುಂಪು ಒಂದಿದೆ. ಅವರೆಲ್ಲ ಮನೆಗೆ ಹೋದ ಮೇಲೆ, ಅಥವಾ ಸಂಜೆ ಕತ್ತಲಾದ ಮೇಲೆ, ಒಬ್ಬೊಬ್ಬರೇ ಬಂದು ನಡೆಯುವವರು ಇನ್ನೊಂದಿಷ್ಟು ಜನ. ನಡಿಗೆಯ ಅಗತ್ಯ ಹೆಚ್ಚು ಇರುವವರು ಎರಡನೆಯವರು. ಮದುವೆ ಮನೆಯ ಗುಂಪು ಫೋಟೊ ನೋಡಿ: ಯಾರದೋ ಕೂಸನ್ನು ಎತ್ತಿಕೊಂಡು ಹೊಟ್ಟೆಯ ಮುಂದೆ ಹಿಡಿದು ನಿಂತ ಚಿಕ್ಕಮ್ಮ ಒಬ್ಬರು, ಟೋಪಿ ತೆಗೆಯದ ಕಾಕಾ ಒಬ್ಬರು, ಬಾಯಿ ಬಿಚ್ಚದೆ ನಗುವ ಅಣ್ಣ ಒಬ್ಬರು ಸಿಕ್ಕೇ ಸಿಗುತ್ತಾರೆ. ಕೂಸು ಪ್ರೀತಿಯದೇ. ಆದರೆ ಪ್ರತಿ ಫೋಟೊದಲ್ಲೂ ಅದು ಅದೇ ಜಾಗದಲ್ಲಿರುತ್ತದೆ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ತೊಡಕೂ ಇದೆ. ನಾಚಿಕೆ ಎನ್ನುವ ಪದವನ್ನು ನಾವು ಎರಡು ಕೆಲಸಕ್ಕೆ ಹಚ್ಚಿದ್ದೇವೆ. ಮದುಮಗಳು ನಾಚಿದರೆ ಚಂದ, ಅದು ಒಡವೆ. ನಾಚಿಕೆಯಿಲ್ಲದವಳು ಎಂದರೆ ಬೈಗುಳ. ಹೀಗಿರುವಾಗ ತನ್ನ ಮೈಯ ಬಗ್ಗೆ ನಾಚಿಕೆಯಾಗುತ್ತದೆ ಎಂದು ಹೆಂಗಸೊಬ್ಬಳು ಹೇಳಿದರೆ ಕೇಳುವವರಿಗೆ ಅದರಲ್ಲಿ ದೂರು ಕಾಣುವುದೇ ಇಲ್ಲ, ಗುಣ ಕಾಣುತ್ತದೆ. ಮನೋವಿಜ್ಞಾನದವರು ಇಲ್ಲಿ ಗೆರೆ ಎಳೆಯುತ್ತಾರೆ: ತಪ್ಪು ಮಾಡಿದೆ ಎಂಬ ಅಳುಕು ಒಂದು, ತಾನೇ ತಪ್ಪು ಎಂಬ ಭಾವ ಇನ್ನೊಂದು. ಮೊದಲನೆಯದನ್ನು ಕ್ಷಮೆ ಕೇಳಿ, ತಿದ್ದಿಕೊಂಡು ಕಳೆದುಕೊಳ್ಳಬಹುದು. ಎರಡನೆಯದಕ್ಕೆ ಮರೆಯಾಗುವುದೊಂದೇ ದಾರಿ ಉಳಿಯುತ್ತದೆ. ಉದ್ದ ತೋಳು, ಕತ್ತಲೆಯ ನಡಿಗೆ, ಬಾಡಿಗೆಯ ಕೂಸು ಎಲ್ಲವೂ ಮರೆಯಾಗುವ ಬಗೆಗಳೇ.

ಬಾಗಿಲಲ್ಲಿ ಕೇಳುವ ಮಾತು

ನಾಚಿಕೆಗೆ ಕನ್ನಡಿಯನ್ನು ದೂರುವುದು ವಾಡಿಕೆ. ಕನ್ನಡಿಗೆ ಮಾತು ಬರುವುದಿಲ್ಲ. ನಮಗೆ ಬರುತ್ತದೆ, ಅದೂ ಧಾರಾಳವಾಗಿ. ಹಾವೇರಿ ಕಡೆಯ ನಮ್ಮ ತವರಿನಲ್ಲಿ ಬಂದವರ ಕೈಗೆ ನೀರಿನ ತಂಬಿಗೆ ಕೊಡುವ ಮೊದಲೇ ಅವರ ಮೈಯ ವರದಿ ಕೊಡುವ ಪದ್ಧತಿಯಿದೆ. "ಏನವ್ವಾ, ಎಷ್ಟು ಸೊರಗಿದ್ದೀಯಲ್ಲ", "ಅಯ್ಯ, ಎಷ್ಟು ದಪ್ಪಗಾಗಿದ್ದೀ ತಂಗಿ", "ಕೂದಲೆಲ್ಲ ಎಲ್ಲಿ ಹೋದವಪ್ಪಾ". ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ನಿನ್ನನ್ನು ಕಳೆದ ಸಲ ಗಮನವಿಟ್ಟು ನೋಡಿದ್ದೆ, ಈಗಲೂ ನೋಡುತ್ತಿದ್ದೇನೆ ಎಂಬುದನ್ನು ಅವರು ಹಾಗೆ ತಿಳಿಸುತ್ತಾರೆ. ಊಟ ಕಡಿಮೆ ಇದ್ದ ಕಾಲದಲ್ಲಿ ಸೊರಗುವುದು ನಿಜಕ್ಕೂ ಸುದ್ದಿಯಾಗಿತ್ತು. ಆ ಕಾಳಜಿಯ ವಾಕ್ಯ ಉಳಿದುಕೊಂಡಿತು, ಕಾರಣ ಹೋಯಿತು. ಕೇಳಿಸಿಕೊಂಡವರಿಗೆ ಅದು ತೀರ್ಪು. ಇಪ್ಪತ್ತು ವರ್ಷ ಹಿಂದೆ ಅತ್ತಿಗೆಯೊಬ್ಬರು ಅಂದದ್ದನ್ನು ಅಕ್ಷರ ಬಿಡದೆ ಹೇಳಬಲ್ಲವರನ್ನು ನಾನು ಬಲ್ಲೆ. ಅಂದವರಿಗೆ ಅದು ನೆನಪೂ ಇಲ್ಲ.

ಬಣ್ಣದ ಮಾತಂತೂ ವಿಚಿತ್ರ. ನಮ್ಮ ಕಡೆ ಬೆಳ್ಳಗಿರುವವರನ್ನು ಕೆಂಪಗಿದ್ದಾರೆ ಎನ್ನುತ್ತೇವೆ. ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು, ಎಣ್ಣೆಗಪ್ಪು ಎಂದು ಮೈಬಣ್ಣಕ್ಕೆ ಕನ್ನಡದಲ್ಲಿ ಇರುವಷ್ಟು ಹೆಸರುಗಳು ಸೀರೆ ಅಂಗಡಿಯವರಿಗೂ ಬೇಕಾಗಲಾರವು. ಧಾರವಾಡ, ಗದಗ, ಹಾವೇರಿಯ ಮತದಾರರ ಪಟ್ಟಿ ತೆಗೆದರೆ ಕರಿಬಸಪ್ಪ, ಕರಿಯವ್ವ, ಕೆಂಚಪ್ಪ, ಕೆಂಚವ್ವ, ಮನೆತನದ ಹೆಸರಾಗಿ ಕರಿಗೌಡರ, ಕೆಂಚನಗೌಡರ ಎಲ್ಲ ಸಿಗುತ್ತಾರೆ. ಕರಿ ಎಂದು ಹೆಸರಿಟ್ಟು ತೊಟ್ಟಿಲಲ್ಲಿ ತೂಗಿದ ಕಾಲದಲ್ಲಿ ಬಣ್ಣದ ಮೇಲಾಟ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಹಳೆಯ ಕಾಲವನ್ನು ಹೊಳಪು ಹಚ್ಚಿ ತೋರಿಸುವುದು ನನಗೆ ಒಗ್ಗದು. ಆದರೆ ಅಷ್ಟೆಲ್ಲ ಛಾಯೆಗಳಿದ್ದ ಭಾಷೆ ಮದುವೆಯ ಬಯೋಡೇಟಾ ಹಾಳೆಗೆ ಬಂದಾಗ ಎರಡೇ ಪದಕ್ಕೆ ಇಳಿದಿದೆ: ಬಿಳಿ, ಗೋಧಿಬಣ್ಣ. ಉಳಿದವರೆಲ್ಲ ಗೋಧಿಬಣ್ಣದಲ್ಲಿ ಅಡಗಿಕೊಳ್ಳಬೇಕು. ಕಪ್ಪು ಎಂದು ಬರೆದ ಬಯೋಡೇಟಾವನ್ನು ನಾನು ಇದುವರೆಗೆ ನೋಡಿಲ್ಲ.

ಹೊಸ ಚಿತ್ರ ಬಂದರೆ ಹಳೆಯ ಕಣ್ಣು ಎಷ್ಟು ಬೇಗ ಬದಲಾಗುತ್ತದೆ ಎನ್ನುವುದಕ್ಕೆ ಫಿಜಿ ದ್ವೀಪದ ಒಂದು ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ತುಂಬಿದ ಮೈಯನ್ನು ಮೆಚ್ಚುತ್ತಿದ್ದ ಆ ಸಮಾಜದ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಆಗ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಶಾಲಾ ಹುಡುಗಿಯರನ್ನು ಮಾತನಾಡಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ಶೇ. 11ರಷ್ಟು ಇದ್ದರು. ಅದು ಬರೀ ಟಿವಿ. ಈಗ ಕೈಯಲ್ಲಿರುವ ಮೊಬೈಲ್ ಕ್ಯಾಮೆರಾ ಕೇಳದೆಯೇ ಚರ್ಮ ನುಣುಪು ಮಾಡಿ ಕೊಡುತ್ತದೆ. ಅಂದರೆ ಇಂದಿನ ಮಧ್ಯವಯಸ್ಕರು ತಮ್ಮನ್ನು ನಟಿಯರೊಡನೆ ಹೋಲಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ, ತಮ್ಮದೇ ತಿದ್ದಿದ ಮುಖದೊಡನೆ ಹೋಲಿಸಿಕೊಂಡು ಸೋಲುತ್ತಿದ್ದಾರೆ.

ಇಲ್ಲದ ಗಾಯ, ಇರುವ ನೋಟ

ನನ್ನ ತೋಳಿನ ಕಥೆಯನ್ನು ನನಗೇ ಅರ್ಥಮಾಡಿಸಿದ್ದು 1980ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಾಬರ್ಟ್ ಕ್ಲೆಕ್ ಮತ್ತು ಆಂಜೆಲೊ ಸ್ಟ್ರೆಂಟಾ ಅದನ್ನು ನಡೆಸಿದರು. ಭಾಗವಹಿಸಿದವರ ಮುಖದ ಮೇಲೆ ನಾಟಕದವರು ಬಳಸುವಂಥ ಬಣ್ಣದಿಂದ ಗಾಯದ ದೊಡ್ಡ ಕಲೆ ಬರೆದರು, ಕನ್ನಡಿ ಹಿಡಿದು ತೋರಿಸಿದರು. ಅಪರಿಚಿತರೊಬ್ಬರ ಜೊತೆ ಮಾತನಾಡಲು ಕಳಿಸುವ ಮೊದಲು, ಬಣ್ಣ ಬಿರಿಯದಂತೆ ಸ್ವಲ್ಪ ಕ್ರೀಮ್ ಹಚ್ಚುತ್ತೇವೆ ಎಂದು ಹೇಳಿ, ಆ ನೆಪದಲ್ಲಿ ಕಲೆಯನ್ನು ಪೂರ್ತಿ ಒರೆಸಿಬಿಟ್ಟರು. ಇವರಿಗೆ ಅದು ಗೊತ್ತಿಲ್ಲ. ಮುಖ ಮೊದಲಿನಂತೆಯೇ ಇದೆ. ಕಲೆ ಇರುವುದು ಮನಸ್ಸಿನಲ್ಲಿ ಮಾತ್ರ.

ಮಾತುಕತೆ ಮುಗಿಸಿ ಬಂದವರು ಹೇಳಿದ್ದೇನು? ಎದುರಿದ್ದವರು ಬಿಗುವಾಗಿದ್ದರು, ಕಲೆಯ ಕಡೆಗೇ ನೋಡುತ್ತಿದ್ದರು ಅಥವಾ ಬೇಕೆಂದೇ ನೋಟ ತಪ್ಪಿಸುತ್ತಿದ್ದರು, ಕನಿಕರದ ದನಿಯಲ್ಲಿ ಮಾತನಾಡಿದರು. ಎದುರಿದ್ದವರು ಕಂಡದ್ದು ಯಾವ ಕಲೆಯೂ ಇಲ್ಲದ ಮುಖ. ಅವರ ಪ್ರತಿಯೊಂದು ಸಹಜ ಚಲನೆಯೂ, ಕಣ್ಣು ಪಿಳುಕಿಸಿದ್ದು, ಕುರ್ಚಿ ಸರಿಸಿದ್ದು, ಕಲೆಗೆ ಕೊಟ್ಟ ಉತ್ತರವಾಗಿ ಇವರಿಗೆ ಕಂಡಿತ್ತು.

ಇದನ್ನು ಓದಿದ ದಿನ ನಾನು ಹಿಂದಿನ ಹನ್ನೆರಡು ವರ್ಷಗಳನ್ನು ತಿರುವಿ ಹಾಕಿದೆ. ಸಹೋದ್ಯೋಗಿಯೊಬ್ಬರು ನನ್ನ ಡಬ್ಬಿಯಿಂದ ರೊಟ್ಟಿ ತೆಗೆದುಕೊಳ್ಳದಿದ್ದಾಗ ನಾನು ಮಾಡಿಕೊಂಡ ಅರ್ಥ ಯಾವುದು? ಅವರಿಗೆ ಅಂದು ಹೊಟ್ಟೆ ಸರಿಯಿರಲಿಲ್ಲ ಎಂದು ಮಾರನೆಯ ದಿನ ತಿಳಿದರೂ ನಾನು ನಂಬಿರಲಿಲ್ಲ. 2000ದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಅಂಗಿ ತೊಡಿಸಿ ಒಂದು ಕೋಣೆಗೆ ಕಳಿಸಿದ್ದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜಿಸಿದರು. ಗಮನಿಸಿದವರು ಕಾಲುಭಾಗದಷ್ಟೂ ಇರಲಿಲ್ಲ. ಲೋಕಕ್ಕೆ ಅದರದೇ ಅಂಗಿಯ ಚಿಂತೆ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ನಿನ್ನ ಭ್ರಮೆ ಎಂದಂತಾಗುತ್ತದೆ. ಅದು ಸುಳ್ಳು. ಗಿಡ್ಡ ತೋಳಿನ ಕುಪ್ಪಸ ಹಾಕಿಕೊಂಡು ಹುಬ್ಬಳ್ಳಿಗೆ ಹೊರಟ ಮೊದಲ ವಾರದಲ್ಲೇ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ನನ್ನ ಮೊಣಕೈ ನೋಡಿ, ಎದ್ದು ಹೋಗಿ ಬಾಗಿಲ ಬಳಿ ನಿಂತರು. ನಾನೇ ಕಂಡ ನೋಟವದು, ಕಲ್ಪನೆಯಲ್ಲ. ತೊನ್ನು ಅಂಟುವ ರೋಗವಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಕೊಲ್ಲುವುದರಿಂದ ಬರುವ ಸ್ಥಿತಿ; ಜಗತ್ತಿನ ಜನಸಂಖ್ಯೆಯ ಶೇ. 0.5ರಿಂದ 2ರಷ್ಟು ಜನರಲ್ಲಿ ಇದೆ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಳಿ ಕುಷ್ಠ ಎಂಬ ಹಳೆಯ ಹೆಸರೊಂದೇ ಎಷ್ಟು ಮದುವೆ ಮುರಿದಿದೆಯೋ ಲೆಕ್ಕವಿಟ್ಟವರಿಲ್ಲ. ಮೀನು ತಿಂದು ಹಾಲು ಕುಡಿದದ್ದರಿಂದ ಬಂತು ಎಂದು ನನಗೆ ತಿಳಿಹೇಳಿದವರಿಗೆ ನಮ್ಮ ಮನೆಯಲ್ಲಿ ಮೀನು ತರುವುದೇ ಇಲ್ಲ ಎಂದು ಹೇಳಿ ಸಾಕಾಗಿದೆ.

ಹಾಗಾಗಿ ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಊಹಿಸಿಕೊಂಡ ನೋಟದ ಮೇಲೆ ಕೆಲಸ ಮಾಡಬೇಕಾದವಳು ನಾನು. ನಿಜವಾದ ನೋಟವನ್ನು ತಿದ್ದಬೇಕಾದವರು ಬಸ್ಸಿನಲ್ಲಿ ಎದ್ದು ಹೋದವರು, ಬಯೋಡೇಟಾ ಬರೆಸುವವರು, ಸರಕು ಮಾರುವವರು. ಈ ಎರಡನೆಯ ಗುಂಪು ಸ್ವಲ್ಪ ಕದಲಿದೆ. 1975ರಿಂದ ಮಾರಾಟದಲ್ಲಿದ್ದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಎಂದು ಹಾಕಿಕೊಂಡಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಪ್ರಕಾರ ಹುಡುಕುವ ಸೌಲಭ್ಯವನ್ನು ಕೈಬಿಟ್ಟಿತು. ಹೆಸರು ಬದಲಾಯಿತು, ಹುಡುಕಾಟ ನಿಂತಿತೇ? ವಧುವರರ ಸಮಾವೇಶಕ್ಕೆ ಹೋದರೆ ಉತ್ತರ ಸಿಗುತ್ತದೆ.

ಔಷಧ ಅಂಗಡಿಯ ಟ್ಯೂಬು

ನಾಚಿಕೆಯ ವ್ಯಾಪಾರದಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಜಾಹೀರಾತಿನ ಕ್ರೀಮಲ್ಲ, ಔಷಧ ಅಂಗಡಿಯ ಚಿಕ್ಕ ಟ್ಯೂಬು. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಸ್ಟೆರಾಯ್ಡುಗಳು, ಕೆಲವಲ್ಲಿ ಜೊತೆಗೆ ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್. ತಾಲೂಕು ಊರುಗಳಲ್ಲಿ ಇದನ್ನು ಮುಖಕ್ಕೆ ಹಚ್ಚುವ ಕ್ರೀಮ್ ಎಂದೇ ಕೊಳ್ಳುವವರಿದ್ದಾರೆ. ಅಕ್ಕ ಹಚ್ಚಿದ್ದಳು, ತಂಗಿಯೂ ತಂದಳು. ಮದುವೆ ಗೊತ್ತಾಗಿದೆ, ಹದಿನೈದು ದಿನದಲ್ಲಿ ಮುಖ ತಿಳಿಯಾಗಬೇಕು.

ಇದು ಕೆಲಸ ಮಾಡುವ ರೀತಿಯೇ ಬಲೆಯಂತಿದೆ. ಮೊದಲ ಒಂದೆರಡು ವಾರ ಮುಖ ನಿಜಕ್ಕೂ ತಿಳಿಯಾಗುತ್ತದೆ, ಮೊಡವೆ ಇಳಿಯುತ್ತದೆ, ನೆಂಟರು ಹೊಗಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಎಳೆ ಎಳೆಯಾಗಿ ಕಾಣುತ್ತವೆ, ಮುಖ ಕೆಂಪೇರುತ್ತದೆ, ಬಿಸಿಲಿಗೆ ಉರಿಯುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ, ಮೊಡವೆ ಹೊಸದಾಗಿ ಏಳುತ್ತದೆ. ಹೆದರಿ ನಿಲ್ಲಿಸಿದರೆ ನಾಲ್ಕೇ ದಿನದಲ್ಲಿ ಉರಿ, ತುರಿಕೆ ದುಪ್ಪಟ್ಟು. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹೀಗೆ ಬಿಡಲೂ ಬಾರದು, ಹಚ್ಚಲೂ ಬಾರದು. ಇದು ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ, ಸ್ಟೆರಾಯ್ಡಿನಿಂದ ಕೆಟ್ಟ ಮುಖ ಎಂಬ ಅರ್ಥದ ರೋಗದ ಹೆಸರನ್ನೇ 2008ರಲ್ಲಿ ಭಾರತದ ಚರ್ಮವೈದ್ಯರು ಸೃಷ್ಟಿಸಬೇಕಾಯಿತು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳೂ ಇವೆ, ಕೇಳದವೂ ಇವೆ.

ಸ್ಟೆರಾಯ್ಡೇ ವಿಷವೆಂದು ತಿಳಿಯಬೇಡಿ. ನನ್ನ ಮಚ್ಚೆಗೂ ವೈದ್ಯರು ಅದನ್ನೇ ಬರೆದುಕೊಟ್ಟಿದ್ದರು, ಯಾವ ಜಾಗಕ್ಕೆ, ಎಷ್ಟು ವಾರ, ಎಂದು ನಿಲ್ಲಿಸಬೇಕು ಎಂಬುದನ್ನೆಲ್ಲ ಹೇಳಿ. ರೋಗಕ್ಕೆ ಹಚ್ಚಿದರೆ ಔಷಧ. ಬಣ್ಣಕ್ಕೆ ಹಚ್ಚಿದರೆ, ರೋಗವಿಲ್ಲದ ಮುಖಕ್ಕೆ ರೋಗ ತಂದುಕೊಂಡಂತೆ.

ಗಂಡಸರು ಈ ಕಥೆಯಲ್ಲಿ ಎಲ್ಲಿದ್ದಾರೆ? ಧಾರವಾಡದ ಸಪ್ತಾಪುರದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳಿಗೆ ಬರುವ ಸಾವಿರಾರು ಯುವಕರಲ್ಲಿ ಪೊಲೀಸ್ ಪೇದೆಯ ಹುದ್ದೆಗೆ ತಯಾರಾಗುವವರು ನಸುಕಿನಲ್ಲೇ ಎದ್ದು ಮೈದಾನಕ್ಕೆ ಓಡುತ್ತಾರೆ. ಸಾಮಾನ್ಯವಾಗಿ ಪುರುಷರಿಗೆ ಎತ್ತರ 168 ಸೆಂಟಿಮೀಟರ್ ಇರಬೇಕು, ಎದೆ ಕನಿಷ್ಠ 5 ಸೆಂಟಿಮೀಟರ್ ಉಬ್ಬಬೇಕು. ಮಹಿಳೆಯರಿಗೆ ಎತ್ತರ 157. ಓಟವನ್ನು ಅಭ್ಯಾಸದಿಂದ ಗೆಲ್ಲಬಹುದು. 166 ಇದ್ದವನು ಏನು ಮಾಡಬೇಕು? ಇಪ್ಪತ್ತೈದು ದಾಟಿದ ಮೇಲೂ ಬಾಗಿಲ ಚೌಕಟ್ಟಿಗೆ ಜೋತು ಬೀಳುವ, ಎತ್ತರ ಹೆಚ್ಚಿಸುವ ಪುಡಿಗೆ ಊರಿಂದ ದುಡ್ಡು ತರಿಸಿಕೊಳ್ಳುವ ಹುಡುಗರಿದ್ದಾರೆ. ಆ ವಯಸ್ಸಿಗೆ ಮೂಳೆಯ ಬೆಳವಣಿಗೆಯ ತುದಿಗಳು ಮುಚ್ಚಿಕೊಂಡಿರುತ್ತವೆ, ಯಾವ ಪುಡಿಯೂ ಅವನ್ನು ತೆರೆಯದು. ನೌಕರಿಯೊಂದು ಅಳತೆ ಕೇಳುವುದು ನನಗೆ ಅನ್ಯಾಯವಾಗಿ ಕಾಣುವುದಿಲ್ಲ. ಆ ಒಂದು ದಿನದ ಟೇಪು ಆಮೇಲೆ ಅವನ ಬೆನ್ನು ಬಿಡುವುದಿಲ್ಲ, ಅದು ನನ್ನ ತಕರಾರು. ಹೆಣ್ಣುಮಕ್ಕಳು ಕಡೆಗೆ ಗೆಳತಿಯ ಮುಂದಾದರೂ ಹೇಳಿಕೊಂಡಾರು. ಗಿಡ್ಡ ಎಂದು ಕರೆದರೆ ನಕ್ಕುಬಿಡಬೇಕು ಎಂಬ ಅಲಿಖಿತ ನಿಯಮ ಗಂಡಸರಿಗೆ.

ತೂಕದ ವಿಷಯಕ್ಕೆ ಬಂದರೆ ಒಂದು ಆಕ್ಷೇಪ ಎದುರಾಗುತ್ತದೆ, ಅದರಲ್ಲಿ ಹುರುಳಿದೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ಶೇ. 30ರಷ್ಟು ಜನರ ತೂಕ ಹೆಚ್ಚಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮನೆಮನೆಯಲ್ಲಿವೆ. ಇಂಥ ಹೊತ್ತಿನಲ್ಲಿ ಮೈಯನ್ನು ಇದ್ದಂತೆ ಒಪ್ಪಿಕೋ ಎನ್ನುವುದು ಹೊಣೆಗೇಡಿತನವಲ್ಲವೇ? ನಾಚಿಕೆ ಹುಟ್ಟಿಸಿದರೆ ಜನ ತೂಕ ಇಳಿಸುತ್ತಾರೆ ಎಂದಿದ್ದರೆ ಈ ಪ್ರಶ್ನೆ ನಿಲ್ಲುತ್ತಿತ್ತು. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ನಾಲ್ಕು ವರ್ಷ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಕಾರಣಕ್ಕೆ ಅವಮಾನ ಅನುಭವಿಸಿದವರು ಬೊಜ್ಜಿನ ಹಂತಕ್ಕೆ ಹೋಗುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಹಗಲು ನಡೆಯಲು ನಾಚುವವರು ನಡೆಯುವುದೇ ಇಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಅಂಕಿ ಕೂಗುತ್ತಾರೆಂದು ಹೆದರುವವರು ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. ಒಪ್ಪಿಕೊಳ್ಳುವುದು ಎಂದರೆ ಕೈಚೆಲ್ಲಿ ಕೂರುವುದು ಎಂಬ ಅರ್ಥ ನಮ್ಮಲ್ಲಿ ಬಲವಾಗಿದೆ. ಸಾಲ ಒಪ್ಪಿಕೊಂಡವನೇ ತೀರಿಸುವ ಮಾತಾಡಬಲ್ಲ ಎಂಬುದು ವ್ಯವಹಾರದಲ್ಲಿ ನಮಗೆಲ್ಲ ಗೊತ್ತು. ಮೈಯ ವಿಷಯದಲ್ಲಿ ಮರೆಯುತ್ತೇವೆ.

ಹಾಗಾದರೆ ದೊಡ್ಡವರಿಗೆ ಉಪಯೋಗಕ್ಕೆ ಬರುವುದು ಯಾವುದು?

ಕನ್ನಡಿಯ ಮುಂದೆ ನಿಂತು ನಾನು ಸುಂದರಿ ಎಂದು ನೂರು ಸಲ ಹೇಳಿಕೊಳ್ಳುವುದು ಖಂಡಿತ ಅಲ್ಲ. ಇದು ನನ್ನ ಮುನಿಸು ಮಾತ್ರವಲ್ಲ. 2009ರಲ್ಲಿ ಕೆನಡಾದ ಸಂಶೋಧಕರು ನಾನು ಪ್ರೀತಿಗೆ ಅರ್ಹಳು ಎಂಬಂಥ ವಾಕ್ಯವನ್ನು ಹೇಳಿಸಿ ನೋಡಿದರು. ಮೊದಲೇ ಆತ್ಮವಿಶ್ವಾಸ ಇದ್ದವರಿಗೆ ತುಸು ಹಿತವಾಯಿತು. ಇಲ್ಲದವರ ಮನಸ್ಸು ಇನ್ನೂ ಕುಗ್ಗಿತು. ನಂಬದ ಮಾತನ್ನು ಬಾಯಿಂದ ಆಡಿದರೆ ಒಳಗಿನಿಂದ ಸಾಕ್ಷಿಗಳು ಸಾಲಾಗಿ ಎದ್ದು ವಿರುದ್ಧ ಹೇಳುತ್ತಾರೆ. ಎಲ್ಲ ಮೈಗಳೂ ಸುಂದರ ಎಂಬ ಘೋಷಣೆಯ ತೊಂದರೆಯೂ ಅದೇ. ಸೌಂದರ್ಯದ ಪಂಗಡಕ್ಕೆ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದಂತೆ, ಪಂಗಡದ ಅಧಿಕಾರ ಹಾಗೇ ಉಳಿಯುತ್ತದೆ.

ಚಿಕಿತ್ಸಕರು ಬಳಸುವ ಒಂದು ಅಭ್ಯಾಸ ನನಗೆ ಹಿಡಿಸಿತು, ಏಕೆಂದರೆ ಅದರಲ್ಲಿ ಪ್ರೀತಿಯ ಬೇಡಿಕೆಯಿಲ್ಲ. ಕನ್ನಡಿಯಲ್ಲಿ ತಲೆಯಿಂದ ಪಾದದವರೆಗೆ ನೋಡುತ್ತ ಕಂಡದ್ದನ್ನು ಪಂಚನಾಮೆ ಬರೆದಂತೆ ಹೇಳಬೇಕು. ಹಣೆ ಅಗಲ. ಕೂದಲು ಕಿವಿಯ ಬಳಿ ಬೆಳ್ಳಗೆ. ಬಲ ಮೊಣಕೈ ಮೇಲೆ ಮೂರು ಮಚ್ಚೆ, ದೊಡ್ಡದರ ಅಂಚು ಅಂಕುಡೊಂಕು. ಅಸಹ್ಯ, ಚಂದ ಎಂಬ ಪದ ಬಂದರೆ ಹೊಡೆದುಹಾಕಬೇಕು. ಮೊದಲ ಸಲ ನನಗೆ ಮೂರು ವಾಕ್ಯ ಆಗುವಷ್ಟರಲ್ಲಿ ಬೈಗುಳ ನುಸುಳಿತು. ಹತ್ತನೆಯ ಸಲಕ್ಕೆ ಬೇಸರ ಬಂತು. ಬೇಸರ ಬರುವುದೇ ಇದರ ಗುರಿ ಎಂದು ಆಮೇಲೆ ತಿಳಿಯಿತು. ಭಯವಿದ್ದ ಜಾಗಕ್ಕೆ ಬೇಸರ ಬಂದರೆ ಅರ್ಧ ಗೆದ್ದಂತೆ.

ಇನ್ನೊಂದು, ಮೈ ಮಾಡುವ ಕೆಲಸವನ್ನು ಬರೆಯುವುದು. ನೆದರ್‌ಲೆಂಡ್ಸ್‌ನ ಸಂಶೋಧಕರು 2015ರಲ್ಲಿ ಹೆಂಗಸರಿಂದ ಇಂಥ ಕೆಲವು ಬರಹಗಳನ್ನು ಬರೆಸಿದಾಗ ತಮ್ಮ ಮೈಯ ಬಗೆಗಿನ ಅವರ ಸಮಾಧಾನ ಹೆಚ್ಚಿತ್ತು. ನಮ್ಮ ಕಡೆಯವರಿಗೆ ಇದು ಹೊಸದಾಗಬೇಕಿಲ್ಲ. ಗರಡಿಮನೆಯಲ್ಲಿ ಮೈಗೆ ಎಣ್ಣೆ ಹಚ್ಚಿಕೊಳ್ಳುವವರು ತೋಳು ಎಷ್ಟು ಎತ್ತುತ್ತದೆ, ಎಷ್ಟು ತಡೆಯುತ್ತದೆ ಎಂದು ಮಾತಾಡುತ್ತಾರೆ. ರೊಟ್ಟಿ ಬಡಿಯುವವರ ಅಂಗೈ ನೋಡಿ ಯಾರೂ ಅದರ ಬಣ್ಣ ಕೇಳುವುದಿಲ್ಲ, ರೊಟ್ಟಿ ಎಷ್ಟು ತೆಳ್ಳಗೆ ಬಂತು ಎಂದು ನೋಡುತ್ತಾರೆ. ನನ್ನ ಬಲ ಮೊಣಕೈ ಇಪ್ಪತ್ತಮೂರು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಮರೆಮಾಚುವ ಉಪಾಯಗಳನ್ನು ಒಂದೊಂದಾಗಿ ಬಿಡುವುದು, ಸುಲಭದ್ದರಿಂದ ಶುರುಮಾಡಿ. ಮರೆಮಾಚಿದಷ್ಟು ಕಾಲವೂ, ಮರೆಮಾಚಿದ್ದರಿಂದಲೇ ಬಚಾವಾದೆ ಎಂದು ಮನಸ್ಸು ನಂಬಿಕೊಂಡಿರುತ್ತದೆ. ಬಿಟ್ಟು ನೋಡದ ಹೊರತು ಆ ನಂಬಿಕೆಯನ್ನು ಪರೀಕ್ಷಿಸಲು ಬೇರೆ ದಾರಿಯಿಲ್ಲ. ನಾನು ಮೊದಲು ಮನೆಯಂಗಳದಲ್ಲಿ ರಂಗೋಲಿ ಹಾಕುವಾಗ ತೋಳು ಮಡಚಿದೆ, ಆಮೇಲೆ ಕಿರಾಣಿ ಅಂಗಡಿಗೆ, ಆಮೇಲೆ ಟೇಲರ್, ಕಡೆಗೆ ಬಸ್ಸು. ಬಸ್ಸಿನಲ್ಲಿ ಎದ್ದುಹೋದವರು ಮೊದಲ ದಿನವೇ ಸಿಕ್ಕಿದ್ದರೆ ನಾನು ಮತ್ತೆ ಉದ್ದ ತೋಳಿಗೆ ಮರಳುತ್ತಿದ್ದೆನೋ ಏನೋ. ಅವರು ಕೊನೆಗೆ ಸಿಕ್ಕಿದರು. ಅಂದು ಕಿಟಕಿಯ ಸೀಟು ನನ್ನದಾಯಿತು, ಹುಬ್ಬಳ್ಳಿಯವರೆಗೆ ಕೈಚೀಲ ಪಕ್ಕದಲ್ಲಿಟ್ಟುಕೊಂಡು ಹೋದೆ.

ಇಷ್ಟರಿಂದ ಆಗದ ಸ್ಥಿತಿಯೂ ಇದೆ. ಬೇರೆಯವರಿಗೆ ಕಾಣದ ಅಥವಾ ಅತಿ ಚಿಕ್ಕದಾದ ಕುಂದೊಂದು ದಿನದಲ್ಲಿ ಗಂಟೆಗಟ್ಟಲೆ ತಲೆ ತಿನ್ನುವುದು, ಮತ್ತೆ ಮತ್ತೆ ಕನ್ನಡಿ ನೋಡುವುದು, ಅದಕ್ಕಾಗಿ ಕೆಲಸ, ಓಡಾಟ ಬಿಡುವುದು. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟಿದ್ದರು. ಇಂದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎನ್ನುತ್ತಾರೆ. ವಿದೇಶಗಳ ಸಮೀಕ್ಷೆಗಳಲ್ಲಿ ವಯಸ್ಕರ ಸುಮಾರು ಶೇ. 2ರಷ್ಟು ಜನರಲ್ಲಿ ಕಂಡಿದೆ, ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣ. ಇಂಥವರು ಹುಡುಕಿಕೊಂಡು ಹೋಗುವುದು ಚರ್ಮದ, ಮೂಗಿನ, ಕೂದಲಿನ ವೈದ್ಯರನ್ನು. ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಸಮಾಧಾನ ಸಿಗುವುದಿಲ್ಲ. ಮೂಗು ಸರಿಯಾದರೆ ಕಾಳಜಿ ಗದ್ದಕ್ಕೆ ಇಳಿಯುತ್ತದೆ. ಮಾತಿನ ಚಿಕಿತ್ಸೆ, ಬೇಕಾದಲ್ಲಿ ಮಾತ್ರೆ, ಎರಡಕ್ಕೂ ಇದು ಬಗ್ಗುತ್ತದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಿಂದ ಬೆಳೆದು ಬಂದ ಸಂಸ್ಥೆಯದು, ಅದರಿಂದಲೇ ಇವನನ್ನು ಧಾರವಾಡಕ್ಕೆ ಸೇರಿಸಬೇಕು ಎಂಬ ಚೇಷ್ಟೆಯ ಮಾತು ಉತ್ತರ ಕರ್ನಾಟಕದಲ್ಲಿ ಇನ್ನೂ ಓಡಾಡುತ್ತಿದೆ. ಊರಿನ ಹೆಸರೇ ಬೈಗುಳವಾದ ಮೇಲೆ ಆ ಗೇಟಿನೊಳಗೆ ಹೋಗಲು ಎರಡನೆಯ ನಾಚಿಕೆಯನ್ನೂ ದಾಟಬೇಕು. ದಾಟಲು ಆಗದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಯಾರ ಕಣ್ಣಿಗೂ ಬೀಳಬೇಕಿಲ್ಲ.

ಬಾಗಿಲಲ್ಲಿ ಕೊಡುವ ವರದಿಯ ಬಗ್ಗೆ ಹೇಳಿದ್ದೆನಲ್ಲ, ನಮ್ಮ ತವರಿನಲ್ಲಿ ಅದಕ್ಕೊಂದು ಪ್ರಯೋಗ ನಡೆದಿದೆ. ಎರಡನೆಯ ಹೆರಿಗೆಯ ನಂತರ ಬಂದವರೆಲ್ಲರ ಮಾತು ಕೇಳಿ ಕೇಳಿ ರೋಸಿಹೋದ ನಮ್ಮ ವೈನಿ, ಈ ಮನೆಯ ಹೊಸ್ತಿಲು ದಾಟಿದವರ ದಪ್ಪ, ಸಣ್ಣ, ಕಪ್ಪು, ಕೆಂಪು ಯಾರೂ ಎತ್ತಬಾರದು ಎಂದು ಯುಗಾದಿಯ ದಿನ ಊಟಕ್ಕೆ ಕುಳಿತಲ್ಲೇ ಘೋಷಿಸಿದರು. ಅಣ್ಣ ಮೆಲ್ಲಗೆ ತಲೆಯಾಡಿಸಿದ. ಎಪ್ಪತ್ತೆರಡರ ಅವ್ವನಿಗೆ ಮಾತ್ರ ನಿಜವಾದ ಚಿಂತೆ ಹತ್ತಿತು. "ಹಾಗಾದರೆ ಬಂದವರನ್ನು ಏನೆಂದು ಮಾತನಾಡಿಸಲಿ?" ಎಂದು ಕೇಳಿದಳು. ಯಾರ ಬಳಿಯೂ ಉತ್ತರವಿರಲಿಲ್ಲ.

ಮುಂದಿನ ತಿಂಗಳು ಗಿಡ್ಡ ತೋಳಿನ ಕುಪ್ಪಸದಲ್ಲೇ ಊರಿಗೆ ಹೋದೆ. ಅವ್ವ ಬಾಗಿಲಿಗೆ ಬಂದಳು, ಮುಖ ನೋಡಿದಳು, ಮೊಣಕೈ ನೋಡಿದಳು. ಬಾಯಿ ತೆರೆದಳು, ಒಳಗೆ ಅಡುಗೆಮನೆಯ ಕಡೆ ತಿರುಗಿ ನೋಡಿ ಮುಚ್ಚಿಕೊಂಡಳು. ತಂಬಿಗೆಯನ್ನು ಕೈಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತೇನವ್ವಾ?"